6 ಮಿಲಿಮೀಟರ್ ಮರದ ದೊಡ್ಡ ದೋಣಿ

ಮರದ ಪಟ್ಟಿಯೊಂದನ್ನು ಸರಿಯಾಗಿ ನಡುವೆ ಹಿಡಿದು ಎತ್ತಿದೆ. ಎರಡೂ ತುದಿಗಳು ಬಿಲ್ಲಿನಂತೆ ಬಾಗಿ ನೆಲ ಮುಟ್ಟಿದವು. ಉದ್ದ 6 ಮೀಟರ್, ಅಗಲ 19 ಮಿಲಿಮೀಟರ್, ದಪ್ಪ ಬರೀ 6 ಮಿಲಿಮೀಟರ್. ತೂಕ ಹೆಚ್ಚೆಂದರೆ ಕಾಲು ಕಿಲೋ. ಮೊಣಕಾಲಿಗೆ ಒತ್ತಿದರೆ ಪಟ್ ಅಂತ ಮುರಿಯುತ್ತದೆ. ಇಂಥ ಎಂಬತ್ತು ಪಟ್ಟಿಗಳನ್ನು ಜೋಡಿಸಿದರೆ ಐದು ಜನ ಕೂರುವ ದೋಣಿ ಆಗುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ? ನಿವೃತ್ತಿಯಾದ ಮೇಲೆ ಮನೆಯಲ್ಲೇ ಅಂಥದೊಂದು ಕನೂ ದೋಣಿ ಕಟ್ಟಲು ಶುರುಮಾಡಿದಾಗ ನನಗೂ ನಂಬಿಕೆ ಇರಲಿಲ್ಲ. ಇಷ್ಟು ತೆಳ್ಳಗಿನ ಮರ ಅಷ್ಟೊಂದು ಭಾರವನ್ನು ಹೇಗೆ ಹೊರುತ್ತದೆ? ಕಟ್ಟುತ್ತಾ ಹೋದಂತೆ ಉತ್ತರ ಒಂದೊಂದಾಗಿ ಕೈಗೆ ಸಿಕ್ಕಿತು.

ಕನೂ ಅಂದರೆ ಎರಡೂ ತುದಿ ಚೂಪಾಗಿರುವ, ಮೇಲೆ ತೆರೆದಿರುವ, ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ. ಮನುಷ್ಯ ಮಾಡಿದ ತುಂಬಾ ಹಳೆಯ ವಾಹನಗಳಲ್ಲಿ ಇದೂ ಒಂದು. ನೆದರ್‌ಲ್ಯಾಂಡ್ಸ್‌ನ ಪೆಸ್ಸೆ ಎಂಬಲ್ಲಿ 1955ರಲ್ಲಿ ರಸ್ತೆಗೆಂದು ನೆಲ ಅಗೆಯುವಾಗ ಪೈನ್ ಮರದ ಬೊಡ್ಡೆ ಕೊರೆದು ಮಾಡಿದ ದೋಣಿಯೊಂದು ಸಿಕ್ಕಿತು. ಉದ್ದ ಸುಮಾರು 3 ಮೀಟರ್. ವಯಸ್ಸು ಹತ್ತಿರ ಹತ್ತಿರ 10,000 ವರ್ಷ. ಬೊಡ್ಡೆ ಕೊರೆದು ಮಾಡಿದ ದೋಣಿ ಗಟ್ಟಿ, ಆದರೆ ಭಾರ. ಉತ್ತರ ಅಮೆರಿಕದ ಮೂಲನಿವಾಸಿಗಳು ಬೇರೆಯದೇ ದಾರಿ ಹಿಡಿದರು. ಸೀಡರ್ ಎಂಬ ಹಗುರ ಮರದ ತೆಳುವಾದ ಪಕ್ಕೆಲುಬುಗಳ ಹೊರಗೆ ಬರ್ಚ್ ಮರದ ತೊಗಟೆ ಹೊದಿಸಿ, ಬೇರಿನ ದಾರದಿಂದ ಹೊಲಿದು, ಮರದ ಅಂಟಿನಿಂದ ಸಂದು ಮುಚ್ಚಿದರು. ಮುಂದೆ ತುಪ್ಪಳದ ವ್ಯಾಪಾರದ ಕಾಲದಲ್ಲಿ ಇದೇ ಬಗೆಯ, ಸುಮಾರು 11 ಮೀಟರ್ ಉದ್ದದ ತೊಗಟೆ ದೋಣಿಗಳು ಟನ್‌ಗಟ್ಟಲೆ ಸರಕು ಹೊತ್ತವು. ನಡುವೆ ಜಲಪಾತ ಎದುರಾದರೆ ಜನ ಅದೇ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆದರು. ನಾವು ಈಗ ಮನೆಯಲ್ಲಿ ಮಾಡುವ ಪಟ್ಟಿ ದೋಣಿ ಈ ತೊಗಟೆ ದೋಣಿಯ ವಂಶದ್ದು. ತೊಗಟೆಯ ಜಾಗಕ್ಕೆ ಮರದ ಪಟ್ಟಿ, ಗಾಜಿನ ನಾರು ಮತ್ತು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಂದಿವೆ, ಅಷ್ಟೆ.

ಮರದಿಂದಲೇ ಶುರು ಮಾಡೋಣ. ಸೀಡರ್ ಪಟ್ಟಿಯ ಕೊಯ್ದ ತುದಿಯನ್ನು ಹರಿತವಾದ ಬ್ಲೇಡಿನಿಂದ ಸವರಿ ಭೂತಗನ್ನಡಿಯ ಕೆಳಗೆ ನೋಡಿ. ಜೇನುಹುಟ್ಟಿನಂತೆ ತೂತುಗಳ ಸಾಲು ಕಾಣುತ್ತದೆ. ಒಂದೊಂದು ತೂತೂ ಒಂದೊಂದು ಕೊಳವೆಯ ಬಾಯಿ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಹತ್ತಿದ್ದು ಈ ಕೊಳವೆಗಳಲ್ಲೇ. ಮರ ತೇಲುತ್ತದೆ ಅಂತ ನಾವು ಸುಲಭವಾಗಿ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಕೊಳವೆಯ ಗೋಡೆ ಇದೆಯಲ್ಲ, ಅದು ನೀರಿಗಿಂತ ಒಂದೂವರೆ ಪಟ್ಟು ಭಾರ. ಅದನ್ನಷ್ಟೇ ಬಿಡಿಸಿ ನೀರಿಗೆ ಹಾಕಿದರೆ ಮುಳುಗುತ್ತದೆ. ತೇಲಿಸುವುದು ಒಳಗಿನ ಗಾಳಿ. ಒಂದು ಘನ ಮೀಟರ್ ಒಣ ಕೆಂಪು ಸೀಡರ್ ಸುಮಾರು 370 ಕಿಲೋ ತೂಗುತ್ತದೆ. ಅಂದರೆ ಅದರೊಳಗೆ ಮುಕ್ಕಾಲು ಭಾಗ ಖಾಲಿ! ದೋಣಿಗೆ ಜನ ಸೀಡರನ್ನೇ ಹುಡುಕುವುದು ಸುಮ್ನೆ ಅಲ್ಲ. ಹಗುರ, ಬೇಗ ಕೊಳೆಯುವುದಿಲ್ಲ, ಗಂಟಿಲ್ಲದ ನೇರ ನಾರು, ಕೀಸುಳಿಗೆ ಬೆಣ್ಣೆಯಂತೆ ಸಿಗುತ್ತದೆ.

ಈಗ ಅಚ್ಚು. ದೋಣಿಯನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಕೊಯ್ದರೆ ಸಿಗುವ ಆಕಾರಗಳನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಬೇಕು. ಅವನ್ನು ನೇರವಾದ ಉದ್ದ ಪೀಠದ ಮೇಲೆ ಸುಮಾರು 30 ಸೆಂಟಿಮೀಟರ್‌ಗೆ ಒಂದರಂತೆ ತಲೆಕೆಳಗಾಗಿ ನಿಲ್ಲಿಸಬೇಕು. 6 ಮೀಟರ್ ದೋಣಿಗೆ ಇಂಥವು ಇಪ್ಪತ್ತರ ಹತ್ತಿರ ಬೇಕು. ನೋಡಲು ಮೀನಿನ ಅಸ್ಥಿಪಂಜರದ ಹಾಗಿರುತ್ತದೆ. ನಡುವೆ ಎಲ್ಲ ಖಾಲಿ. ಹಾಗಾದರೆ ಎರಡು ಅಚ್ಚುಗಳ ನಡುವಿನ ಆಕಾರವನ್ನು ಯಾರು ಹೇಳುತ್ತಾರೆ?

ಪಟ್ಟಿಯೇ ಹೇಳುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು. ತೆಳುವಾದ ಪಟ್ಟಿಯನ್ನು ಬಾಗಿಸಲು ಶಕ್ತಿ ಬೇಕು. ಬಾಗಿಸಿದ ಮೇಲೆ ಅದು ಆದಷ್ಟು ಕಡಿಮೆ ಶಕ್ತಿ ಹಿಡಿದಿಟ್ಟುಕೊಳ್ಳುವ ಆಕಾರಕ್ಕೆ ತಾನಾಗಿ ಬಂದು ಕೂರುತ್ತದೆ. ಆ ಆಕಾರದಲ್ಲಿ ಎಲ್ಲೂ ಗಕ್ಕನೆ ತಿರುವು ಇರುವುದಿಲ್ಲ. ಹಡಗು ಕಟ್ಟುವವರಿಗೆ ಇದು ಬಹಳ ಹಿಂದಿನಿಂದ ಗೊತ್ತಿತ್ತು. ನಕ್ಷೆ ಬರೆಯುವಾಗ ಬೇಕಾದ ಬಿಂದುಗಳಲ್ಲಿ ತೂಕದ ಗುಂಡು ಇಟ್ಟು, ತೆಳು ಪಟ್ಟಿಯನ್ನು ಅವುಗಳ ಗುಂಟ ಬಾಗಿಸಿ ಗೆರೆ ಎಳೆಯುತ್ತಿದ್ದರು. ಆ ಪಟ್ಟಿಗೆ ಸ್ಪ್ಲೈನ್ ಅಂತ ಹೆಸರು. 1946ರಲ್ಲಿ ಗಣಿತಜ್ಞ ಐಸಾಕ್ ಶೋನ್‌ಬರ್ಗ್ ಅದೇ ಹೆಸರನ್ನು ಗಣಿತಕ್ಕೆ ತಂದರು. ಇವತ್ತು ಕಾರಿನ ಮೈ ರೂಪಿಸುವ ಕಂಪ್ಯೂಟರ್ ಕೂಡ ಸ್ಪ್ಲೈನ್ ಲೆಕ್ಕವನ್ನೇ ಬಳಸುತ್ತದೆ. ಮನೆಯಲ್ಲಿ ಕನೂ ಕಟ್ಟುವವರ ಕೈಯಲ್ಲಿ ಆ ಲೆಕ್ಕದ ಮೂಲ ಯಂತ್ರವೇ ಇರುತ್ತದೆ.

ಹಾಗಾಗಿ ಒಂದು ಅಚ್ಚು ಎರಡು ಮಿಲಿಮೀಟರ್ ತಪ್ಪು ಜಾಗದಲ್ಲಿ ಕೂತಿದ್ದರೆ ಪಟ್ಟಿ ಕೂಡಲೇ ಹೇಳಿಬಿಡುತ್ತದೆ. ಒಂದೋ ಅಲ್ಲಿ ಅಚ್ಚಿನಿಂದ ದೂರ ನಿಲ್ಲುತ್ತದೆ, ಇಲ್ಲವೇ ಗೂನು ಬೀಳುತ್ತದೆ. ನಾನು ಒಂದು ಕಣ್ಣು ಮುಚ್ಚಿ, ಪಟ್ಟಿಯ ತುದಿಗೆ ಕೆನ್ನೆ ತಾಗಿಸಿ ಉದ್ದಕ್ಕೂ ನೋಡುತ್ತಿದ್ದೆ. ಟೇಪಿನಲ್ಲಿ ಸಿಗದ ತಪ್ಪು ಆ ನೋಟಕ್ಕೆ ಸಿಗುತ್ತಿತ್ತು.

ಪಟ್ಟಿ ದಪ್ಪ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಬಾಗುವಿಕೆಗೆ ಒಡ್ಡುವ ವಿರೋಧ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು, ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು. 18 ಮಿಲಿಮೀಟರ್ ಹಲಗೆ ಬಾಗಿಸಲು ಹಬೆ ಬೇಕು, ತೋಳಿನ ಬಲ ಬೇಕು. 6 ಮಿಲಿಮೀಟರ್ ಪಟ್ಟಿಗೆ ಅರವತ್ತು ದಾಟಿದವರ ಎರಡು ಬೆರಳು ಸಾಕು. ಪಟ್ಟಿಯ ಒಂದು ಅಂಚು ಉಬ್ಬು, ಇನ್ನೊಂದು ಅಂಚು ತಗ್ಗು. ತಗ್ಗಿನಲ್ಲಿ ಅಂಟು ಸುರಿದು, ಮುಂದಿನ ಪಟ್ಟಿಯ ಉಬ್ಬನ್ನು ಅದರಲ್ಲಿ ಕೂರಿಸಿದರೆ ದೋಣಿಯ ಮೈ ಎಷ್ಟೇ ತಿರುಗಿದರೂ ಸಂದು ಬಿಡುವುದಿಲ್ಲ. ದಿನಕ್ಕೆ ನಾಲ್ಕೋ ಆರೋ ಪಟ್ಟಿ. ಅಂಟು ಒಣಗುವವರೆಗೆ ಕಾಯಬೇಕು. ಒಟ್ಟು ಕೆಲಸ ಸಾಮಾನ್ಯವಾಗಿ ಇನ್ನೂರರಿಂದ ಮುನ್ನೂರು ಗಂಟೆ. ದೊಡ್ಡ ದೋಣಿಗೆ ಇನ್ನೂ ಜಾಸ್ತಿ. ಬಲ ಕಮ್ಮಿ, ಬಿಡುವು ಜಾಸ್ತಿ ಇರುವವರಿಗೆ ಇದಕ್ಕಿಂತ ಒಪ್ಪುವ ಕೆಲಸ ನನಗೆ ಗೊತ್ತಿಲ್ಲ.

ಎಲ್ಲ ಪಟ್ಟಿ ಕೂತಾಗ ದೋಣಿ ದೋಣಿಯ ಹಾಗೆ ಕಾಣುತ್ತದೆ, ಆದರೆ ಇನ್ನೂ ದೋಣಿ ಆಗಿರುವುದಿಲ್ಲ. ಸೌದೆ ಸೀಳಿದವರಿಗೆಲ್ಲ ಗೊತ್ತು, ಮರ ನಾರಿನ ಉದ್ದಕ್ಕೆ ಎಳೆದರೆ ಗಟ್ಟಿ, ಅಡ್ಡಕ್ಕೆ ಎಳೆದರೆ ನಾರು ನಾರು ಬಿಟ್ಟು ಸುಲಭವಾಗಿ ಸೀಳುತ್ತದೆ. ಈ ದೋಣಿಯಲ್ಲಿ ನಾರೆಲ್ಲ ಒಂದೇ ದಿಕ್ಕಿಗಿದೆ. ಕಲ್ಲಿಗೆ ತಾಗಿದರೆ ಉದ್ದಕ್ಕೂ ಬಿರಿಯಬಹುದು. ಅದಕ್ಕೆ ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ಕುಡಿಸುತ್ತಾರೆ. ಬಟ್ಟೆಯ ದಪ್ಪ ಸುಮಾರು ಕಾಲು ಮಿಲಿಮೀಟರ್.

ಕಾಲು ಮಿಲಿಮೀಟರ್ ಬಟ್ಟೆಯಿಂದ ಏನಾದೀತು? ನಾನೊಂದು ಲೆಕ್ಕ ಹಾಕಿ ನೋಡಿದೆ. ಎರಡು ಪದರ ಬಟ್ಟೆಯನ್ನು ಒಂದರ ಮೇಲೊಂದು ಅಂಟಿಸಿದರೆ ಅರ್ಧ ಮಿಲಿಮೀಟರ್ ಹಾಳೆ. ರಟ್ಟಿನ ಹಾಗೆ ಬಳುಕುತ್ತದೆ. ಅದೇ ಎರಡು ಪದರಗಳನ್ನು 6 ಮಿಲಿಮೀಟರ್ ಮರ ನಡುವೆ ಇಟ್ಟು ದೂರ ಹಿಡಿದರೆ, ಆ ಪದರಗಳಿಂದಲೇ ಸಿಗುವ ಬಿಗಿತ ನಾನೂರಕ್ಕೂ ಹೆಚ್ಚು ಪಟ್ಟು! ಗಾಜು ಒಂದು ಎಳೆಯೂ ಹೆಚ್ಚಾಗಿಲ್ಲ. ಬದಲಾಗಿದ್ದು ದೂರ ಮಾತ್ರ. ಹಲಗೆ ಬಾಗುವಾಗ ಒಂದು ಮುಖ ಹಿಗ್ಗುತ್ತದೆ, ಎದುರಿನ ಮುಖ ಕುಗ್ಗುತ್ತದೆ, ನಡುವಿನಲ್ಲಿ ಹೆಚ್ಚೇನೂ ಆಗುವುದಿಲ್ಲ. ಹಾಗಾಗಿ ಗಟ್ಟಿ ವಸ್ತು ಹೊರಗಿರಬೇಕು, ಹಗುರ ವಸ್ತು ನಡುವೆ ಇದ್ದರೆ ಸಾಕು. ಕಟ್ಟಡದ ಉಕ್ಕಿನ ತೊಲೆಗೆ ಮೇಲೆ ಕೆಳಗೆ ಅಗಲ, ನಡುವೆ ತೆಳು ಇರುವುದು ಇದೇ ಕಾರಣಕ್ಕೆ. ನಮ್ಮ ತಲೆಬುರುಡೆಯ ಮೂಳೆಯೂ ಹಾಗೆಯೇ: ಎರಡು ಗಟ್ಟಿ ಪದರ, ನಡುವೆ ಸ್ಪಂಜಿನಂಥ ಮೂಳೆ.

ಮೊದಲ ಪ್ರಶ್ನೆಗೆ ಇದೇ ಉತ್ತರ. ಭಾರ ಹೊರುತ್ತಿರುವುದು ಮರವೊಂದೇ ಅಲ್ಲ, ಗಾಜೊಂದೇ ಅಲ್ಲ. ಅವುಗಳ ನಡುವಿನ ಅಂತರವೂ ಹೊರುತ್ತಿದೆ.

ಬಟ್ಟೆ ಹೊದಿಸುವ ದಿನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಾಜಿನ ಬಟ್ಟೆ ಹಾಲಿನಷ್ಟು ಬಿಳಿ. ತಿಂಗಳುಗಟ್ಟಲೆ ಉಜ್ಜಿ ನಯ ಮಾಡಿದ ಮರದ ಮೇಲೆ ಅದನ್ನು ಹಾಸಿದರೆ ಎಲ್ಲ ಮುಚ್ಚಿಹೋಗುತ್ತದೆ, ಹೊಟ್ಟೆಯೊಳಗೆ ಕಸಿವಿಸಿ. ಆಮೇಲೆ ಎಪಾಕ್ಸಿ ಸುರಿದು ರಬ್ಬರ್ ಅಲಗಿನಿಂದ ಮೆಲ್ಲಗೆ ಎಳೆಯುತ್ತೀರಿ. ಅಲಗು ಹೋದ ದಾರಿಯಲ್ಲಿ ಬಟ್ಟೆ ಮಾಯ! ಕೆಳಗಿಂದ ಸೀಡರಿನ ಕೆಂಪು, ಜೇನಿನ ಬಣ್ಣ, ಒಂದೊಂದು ಗೆರೆಯೂ ಎದ್ದು ಬರುತ್ತದೆ. ಬಟ್ಟೆ ಅಲ್ಲೇ ಇದೆ, ಕಣ್ಣಿಗೆ ಮಾತ್ರ ಇಲ್ಲ. ಬೆಳಕು ಗಾಳಿಯಿಂದ ಗಾಜಿಗೆ ಹೊಕ್ಕಾಗ ಬಾಗುತ್ತದೆ, ಸ್ವಲ್ಪ ಚದುರುತ್ತದೆ. ಸಾವಿರಾರು ಎಳೆಗಳಲ್ಲಿ ಹೀಗೆ ಚದುರಿದ ಬೆಳಕೇ ಬಿಳಿ ಬಣ್ಣ. ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.55ರ ಆಸುಪಾಸು, ಎಪಾಕ್ಸಿಯದ್ದೂ ಹೆಚ್ಚುಕಮ್ಮಿ ಅಷ್ಟೇ. ಎಳೆಗಳ ಸುತ್ತಲಿನ ಗಾಳಿಯನ್ನು ತಳ್ಳಿ ಎಪಾಕ್ಸಿ ಕೂತಾಗ ಬೆಳಕಿಗೆ ಗಡಿಯೇ ಕಾಣಿಸುವುದಿಲ್ಲ. ನೇರವಾಗಿ ದಾಟಿಹೋಗುತ್ತದೆ. ಎಣ್ಣೆ ಬಿದ್ದ ಕಾಗದದಲ್ಲಿ ಆಚೆ ಕಡೆ ಕಾಣುವುದೂ ಇದೇ ಕಾರಣದಿಂದ. ಇದರಿಂದ ಒಂದು ಉಪಕಾರವೂ ಇದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಉಳಿದಿದೆ, ಎಪಾಕ್ಸಿ ಸಾಲದು ಅಂತ ಅರ್ಥ.

ಎಪಾಕ್ಸಿ ನಮಗಾಗಿ ಕಾಯುತ್ತಾ ಕೂರುವ ವಸ್ತು ಅಲ್ಲ. ರಾಳ ಮತ್ತು ಗಟ್ಟಿಕಾರಕ ಬೆರೆತ ಕೂಡಲೇ ಅಣುಗಳು ಕೈಕೈ ಹಿಡಿದು ಬಲೆ ಹೆಣೆಯಲು ಶುರುಮಾಡುತ್ತವೆ. ಹಾಗೆ ಹೆಣೆಯುವಾಗ ಶಾಖ ಹೊರಬರುತ್ತದೆ. ಶಾಖ ಏರಿದರೆ ಹೆಣಿಗೆ ಇನ್ನೂ ಚುರುಕು. 10 ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟು. ಒಮ್ಮೆ ನಾನು ಜಾಸ್ತಿ ಕಲಸಿ, ಕಿರಿದಾದ ಲೋಟದಲ್ಲೇ ಇಟ್ಟು, ಬಟ್ಟೆಯ ಸುಕ್ಕು ಬಿಡಿಸಲು ಹೋದೆ. ಹತ್ತೇ ನಿಮಿಷ. ಲೋಟ ಕೈ ಸುಡುವಷ್ಟು ಬಿಸಿಯಾಗಿ ಹೊಗೆ ಬಂತು, ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಯಿತು. ಆಮೇಲೆ ಅಗಲವಾದ ತಟ್ಟೆಗೇ ಸುರಿದುಕೊಂಡೆ. ತೆಳುವಾಗಿ ಹರಡಿದರೆ ಶಾಖ ಹೊರಗೆ ಹೋಗುತ್ತದೆ. ಬೇಗ ಗಟ್ಟಿಯಾಗಲಿ ಅಂತ ಗಟ್ಟಿಕಾರಕವನ್ನು ಜಾಸ್ತಿ ಹಾಕುವುದೂ ತಪ್ಪು. ಅದೂ ಬಲೆಯ ಒಂದು ಭಾಗ. ಜೋಡಿ ಸಿಗದ ಅಣುಗಳು ಹಾಗೇ ಉಳಿದು ಪದರ ಮೆತ್ತಗಾಗುತ್ತದೆ.

ಇನ್ನೊಂದು ಪಾಠ ಕಲಿಸಿದ್ದು ಬೆಳಗಿನ ಬಿಸಿಲು. ತಂಪು ಹೊತ್ತಿನಲ್ಲಿ ಎಪಾಕ್ಸಿ ಹಚ್ಚಿ ಮುಗಿಸಿದೆ, ಕನ್ನಡಿಯಂತಿತ್ತು. ಬಿಸಿಲೇರಿದಂತೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಭೂತಗನ್ನಡಿಯಲ್ಲಿ ಕಂಡ ಆ ಕೊಳವೆಗಳೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಬರುತ್ತಿತ್ತು. ಎರಡನೇ ಸಲ ಮಧ್ಯಾಹ್ನ ಕಳೆದ ಮೇಲೆ ಹಚ್ಚಿದೆ. ಮರ ತಣ್ಣಗಾಗುತ್ತಾ ಹೋದಾಗ ಒಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ತನ್ನೊಳಗೆ ಎಳೆದುಕೊಂಡಿತು. ಒಂದು ಗುಳ್ಳೆಯೂ ಇಲ್ಲ.

ದಯವಿಟ್ಟು ಎರಡು ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಂಪು ಸೀಡರಿನ ಪುಡಿಯಲ್ಲಿ ಪ್ಲಿಕಾಟಿಕ್ ಆಮ್ಲ ಇರುತ್ತದೆ, ಅದು ಕೆಲವರಿಗೆ ಆಸ್ತಮಾ ತರುತ್ತದೆ. ಉಜ್ಜುವಾಗ ಒಳ್ಳೆಯ ಮಾಸ್ಕ್ ಇರಲೇಬೇಕು. ಎಪಾಕ್ಸಿ ಬರಿಗೈಗೆ ತಾಗುತ್ತಾ ಹೋದರೆ ಒಂದು ದಿನ ಇದ್ದಕ್ಕಿದ್ದಂತೆ ಚರ್ಮ ಅಲರ್ಜಿಗೆ ತಿರುಗಬಹುದು, ಮತ್ತೆ ಜೀವನಪೂರ್ತಿ ಬಿಡದೆ ಇರಬಹುದು. ಕೈಗವಸು ಮೊದಲ ದಿನದಿಂದಲೇ ಹಾಕಿ. ಕೊನೆಗೆ ವಾರ್ನಿಷ್ ಹಚ್ಚುವುದು ಬರೀ ಚೆಂದಕ್ಕಲ್ಲ. ಬಿಸಿಲಿನ ಅತಿನೇರಳೆ ಕಿರಣ ಎಪಾಕ್ಸಿಯನ್ನು ಹಾಳುಮಾಡುತ್ತದೆ, ಅದನ್ನು ತಡೆಯುವ ವಾರ್ನಿಷ್ಷೇ ಬೇಕು.

ತೂಕ ನೋಡೋಣ. ಕತ್ತರಿಸಿ ಉಜ್ಜಿ ಉಳಿದ ಮರ 15–16 ಕಿಲೋ. ಗಾಜು, ಎಪಾಕ್ಸಿ ಸೇರಿ ಹತ್ತರ ಹತ್ತಿರ. ಅಂಚುಪಟ್ಟಿ, ಅಡ್ಡಪಟ್ಟಿ, ಕೂರುವ ಮಣೆ ಎಲ್ಲ ಎಂಟು. ಒಟ್ಟು 35 ಕಿಲೋ ಒಳಗೆ. ಇಬ್ಬರು ಆರಾಮಾಗಿ ಹೊರಬಹುದು. ಹೊರುವ ಮುಂಚೆ ಇನ್ನೊಂದು ಮಾತು: ಶುರುಮಾಡುವಾಗಲೇ ಬಾಗಿಲು ಅಳೆದಿಡಿ. 6 ಮೀಟರ್ ಉದ್ದದ, ಬಾಗದ ವಸ್ತು ಮೂಲೆ ತಿರುಗುವುದಿಲ್ಲ.

ಉದ್ದಕ್ಕೆ ನೀರಿನಲ್ಲಿ ಲಾಭ ಇದೆ. ದೋಣಿ ತಾನೇ ಅಲೆ ಎಬ್ಬಿಸುತ್ತದೆ. ವೇಗ ಏರಿದಂತೆ ಆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮ ಆದಾಗ ದೋಣಿ ತನ್ನದೇ ಅಲೆಯ ದಿಣ್ಣೆ ಹತ್ತಬೇಕಾಗುತ್ತದೆ, ಎಷ್ಟು ಹುಟ್ಟು ಹಾಕಿದರೂ ಮುಂದೆ ಕಷ್ಟ. ದೋಣಿಗೂ ಅಲೆಗೂ ಇರುವ ಈ ನಂಟನ್ನು 19ನೇ ಶತಮಾನದಲ್ಲಿ ಮಾದರಿ ದೋಣಿಗಳನ್ನು ನೀರಿನಲ್ಲಿ ಎಳೆದು ಅಳೆದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್. ಈ ಲೆಕ್ಕದ ಪ್ರಕಾರ 4.5 ಮೀಟರ್ ದೋಣಿಗೆ ಆ ಮಿತಿ ಗಂಟೆಗೆ ಸುಮಾರು 9.5 ಕಿಲೋಮೀಟರ್, ನಮ್ಮ 6 ಮೀಟರಿನದಕ್ಕೆ 11ರ ಹತ್ತಿರ. ಮಿತಿಯ ಹತ್ತಿರ ನಾವು ಹೋಗುವುದಿಲ್ಲ. ಆದರೆ ಅದು ದೂರ ಇದ್ದಷ್ಟೂ ಕೈಗೆ ಸುಲಭ.

ಇಳಿಸುವ ಹಿಂದಿನ ರಾತ್ರಿ ನಾನು ಇನ್ನೊಂದು ಲೆಕ್ಕ ಹಾಕಿದ್ದೆ. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ ಸುಮಾರು 3.3 ಚದರ ಮೀಟರ್. ಒಂದು ಸೆಂಟಿಮೀಟರ್ ಇಳಿದರೆ ಅದು 33 ಲೀಟರ್ ನೀರನ್ನು ಸರಿಸಬೇಕು, ಅಂದರೆ 33 ಕಿಲೋ ಹೊರಬೇಕು. 70 ಕಿಲೋ ಮನುಷ್ಯ ಕೂತರೆ ಎರಡು ಸೆಂಟಿಮೀಟರ್ ಚಿಲ್ಲರೆ. ದೋಣಿಯ ನಡುವೆ ಹೊರಮೈಗೆ ಅಳತೆಪಟ್ಟಿಯ ತುಂಡೊಂದನ್ನು ನಿಲುವಾಗಿ ಅಂಟಿಸಿಟ್ಟೆ.

ಬೆಳಿಗ್ಗೆ ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡರು. ದೋಣಿ ನೀರು ಮುಟ್ಟಿತು, ಬರಿದಾಗಿ ಎಲೆಯಂತೆ ನಿಂತಿತು. ನಾನು ಕೂತೆ. ಹೆಂಡತಿ ಕೂತಳು. ಮೊಮ್ಮಗಳು ಮೊಣಕಾಲುದ್ದ ನೀರಿನಲ್ಲಿ ನಿಂತು, ಬಗ್ಗಿ ಅಳತೆ ಓದಿದಳು. 'ಅಜ್ಜ, ನಾಲ್ಕು ಇಳಿದಿದೆ. ನಾಲ್ಕಕ್ಕಿಂತ ಒಂಚೂರು ಜಾಸ್ತಿ.' ಆಮೇಲೆ ತಾನೂ ಹತ್ತಿದಳು. ಆಗ ಅಳತೆ ಓದಲು ಹೊರಗೆ ಯಾರೂ ಉಳಿಯಲಿಲ್ಲ.