ಉಕ್ಕಿನಲ್ಲಿ ಅಚ್ಚಾದ ಅಕ್ಷರ: ಹಳೆಯ ಕಾರ್ವೆಟ್ ಚಕ್ರಗಳನ್ನು ಗುರುತಿಸುವ ಬಗೆ

ಅಮೆರಿಕದ ಷೆವರ್ಲೆ ಸಂಸ್ಥೆ 1967ರ ತನ್ನ ಕಾರ್ವೆಟ್ ಕಾರಿಗೆ ‘ರ್ಯಾಲಿ’ ಎಂಬ ಹೊಸ ಉಕ್ಕಿನ ಚಕ್ರವನ್ನು ಕೊಟ್ಟಿತು. ಬೆಳ್ಳಿ ಬಣ್ಣದ ಡಿಸ್ಕ್, ಅದರಲ್ಲಿ ಐದು ಉದ್ದನೆಯ ಕಿಂಡಿಗಳು, ನಡುವೆ ಕ್ರೋಮಿಯಂ ಲೇಪದ ಮುಚ್ಚಳ, ಅಂಚಿಗೆ ಹೊಳೆಯುವ ಬಳೆ. ಮುಂದಿನ ಎರಡು ವರ್ಷಗಳಲ್ಲಿ ಈ ರೂಪ ಹೆಚ್ಚುಕಡಿಮೆ ಹಾಗೆಯೇ ಉಳಿಯಿತಾದರೂ ಚಕ್ರದ ಅಗಲ ಮಾತ್ರ 6 ಇಂಚಿನಿಂದ 7ಕ್ಕೆ, 7ರಿಂದ 8ಕ್ಕೆ ಏರಿತು. ವ್ಯಾಸ ಮೂರರಲ್ಲಿಯೂ 15 ಇಂಚು. ಎದುರಿನಿಂದ ನೋಡುವವರಿಗೆ ಈ ಮೂರನ್ನು ಬೇರ್ಪಡಿಸುವುದು ಕಷ್ಟ. ಅದಕ್ಕಾಗಿಯೇ ಪ್ರತಿ ಚಕ್ರದ ಮೇಲೂ ಎರಡು ಅಕ್ಷರಗಳ ಸಂಕೇತವನ್ನು ಒತ್ತಲಾಗುತ್ತಿತ್ತು: 1967ರದಕ್ಕೆ ‘ಡಿಸಿ’, 1968ರದಕ್ಕೆ ‘ಎಜಿ’, 1969ರಿಂದ 1982ರವರೆಗೆ ಬಳಕೆಯಲ್ಲಿದ್ದ 8 ಇಂಚಿನ ಚಕ್ರಕ್ಕೆ ‘ಎಝಡ್’.

ಈ ಸಂಕೇತ ಹುಟ್ಟಿದ್ದು ಹಳೆಯ ಕಾರುಗಳ ಸಂಗ್ರಾಹಕರಿಗಾಗಿ ಅಲ್ಲ. ಕಾರ್ಖಾನೆಯಲ್ಲಿ ಸರಿಯಾದ ಚಕ್ರ ಸರಿಯಾದ ಕಾರಿಗೆ ಹೋಗಬೇಕಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಸಂಕೇತವು ಬರೀ ಅಳತೆಯನ್ನು ಹೇಳುವುದಿಲ್ಲ. ಷೆವರ್ಲೆಯದೇ ಇನ್ನೊಂದು ಕಾರಾದ 1969ರ ಕಮಾರೋ ಜಡ್/28ರ ರ್ಯಾಲಿ ಚಕ್ರವೂ 15 ಇಂಚು ವ್ಯಾಸ, 7 ಇಂಚು ಅಗಲದ್ದೇ. ಆದರೆ ಅದರ ಮೇಲಿರುವುದು ‘ಎಜಿ’ ಅಲ್ಲ, ‘ವೈಎಚ್’. ಆದ್ದರಿಂದ ಅಳತೆ ಹೊಂದಿತೆಂಬ ಕಾರಣಕ್ಕೆ ಚಕ್ರವನ್ನು ಮೂಲದ್ದೆಂದು ಒಪ್ಪಲಾಗದು. ಅಕ್ಷರ ಹೊಂದಿತೆಂದು ಅಳತೆಯನ್ನು ಬಿಡುವುದೂ ತರವಲ್ಲ, ಏಕೆಂದರೆ ಹಳೆಯ ರಿಮ್ಮನ್ನು ಕತ್ತರಿಸಿ, ನಡುವೆ ಪಟ್ಟಿ ಬೆಸೆದು ಅಗಲಗೊಳಿಸಿದ ಚಕ್ರಗಳಲ್ಲಿ ಹಳೆಯ ಅಕ್ಷರ ಹಾಗೆಯೇ ಉಳಿದಿರುತ್ತದೆ.

ಕಾರ್ವೆಟ್‌ನ ಈ ಚಕ್ರಗಳಲ್ಲಿ ಸಂಕೇತ ಇರುವುದು ಗಾಳಿ ತುಂಬುವ ವಾಲ್ವಿನ ರಂಧ್ರದ ಆಸುಪಾಸಿನಲ್ಲಿ. ಅಂಚಿನ ಬಳೆಯನ್ನು ತೆಗೆದರೆ ಮಾತ್ರ ಅದು ಕಾಣುತ್ತದೆ. ಎರಡಕ್ಷರಗಳ ಜೊತೆಗೆ ತಯಾರಿಕೆಯ ದಿನಾಂಕವೂ ಅಲ್ಲಿರುತ್ತದೆ. ಉದಾಹರಣೆಗೆ ‘ಕೆ 1 8 11 19’ ಎಂದಿದ್ದರೆ, ‘ಕೆ’ ಎಂಬುದು ಚಕ್ರ ತಯಾರಿಸಿಕೊಟ್ಟ ಕೆಲ್ಸಿ-ಹೇಯ್ಸ್ ಕಂಪನಿಯನ್ನೂ, 1 ಎಂಬುದು ಷೆವರ್ಲೆ ವಿಭಾಗವನ್ನೂ ಸೂಚಿಸುತ್ತದೆ; ಮುಂದಿನದು 1968ರ ನವೆಂಬರ್ 19. ಇಂಥ ಚಕ್ರ 1969ರ ಕಾರಿನಲ್ಲಿ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಅಮೆರಿಕದ ಕಾರು ಕಂಪನಿಗಳು ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷದ ಶರತ್ಕಾಲದಲ್ಲಿಯೇ ತಯಾರಿಸಲು ತೊಡಗುತ್ತಿದ್ದವು. ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ 1969ರ ಜನವರಿಯಲ್ಲಿ ಜೋಡಣೆಯಾದ ಕಾರ್ವೆಟ್‌ಗೆ ಹಿಂದಿನ ನವೆಂಬರ್‌ನ ಚಕ್ರ ಸಹಜವಾಗಿಯೇ ಒಪ್ಪುತ್ತದೆ. ಚಕ್ರದ ದಿನಾಂಕ ಕಾರು ತಯಾರಾದ ದಿನಕ್ಕಿಂತ ಈಚಿನದಾಗಿದ್ದರೆ ಮಾತ್ರ ಆ ಚಕ್ರ ಆ ಕಾರಿನೊಂದಿಗೆ ಕಾರ್ಖಾನೆಯಿಂದ ಹೊರಬಂದಿರಲು ಸಾಧ್ಯವೇ ಇಲ್ಲ. ವರ್ಷವನ್ನು ಒಂದೇ ಅಂಕೆಯಲ್ಲಿ ಬರೆದಿರುವುದರಿಂದ ಇನ್ನೊಂದು ತೊಡಕೂ ಇದೆ: ‘ಎಝಡ್’ ಚಕ್ರ 14 ಮಾದರಿ ವರ್ಷಗಳ ಕಾಲ ಬಳಕೆಯಲ್ಲಿತ್ತಾಗಿ, 9 ಎಂಬ ಅಂಕೆ 1969 ಆಗಿರಬಹುದು, 1979ಕ್ಕೂ ಹೊಂದಬಹುದು.

ಅಳತೆಯ ಕೆಲಸಕ್ಕೆ ಒಂದು ಕ್ಯಾಲಿಪರ್ (ಎರಡು ದವಡೆಗಳಿರುವ ಅಳತೆಪಟ್ಟಿ) ಸಾಕು. ರಿಮ್ಮಿನ ಅಗಲವೆಂದರೆ ಹೊರಗಿನ ಅಂಚಿನಿಂದ ಅಂಚಿಗೆ ಇರುವ ದೂರವಲ್ಲ, ಟಯರು ಕುಳಿತುಕೊಳ್ಳುವ ಒಳಮೈಗಳ ನಡುವಿನ ದೂರ. 8 ಇಂಚಿನ ಚಕ್ರದಲ್ಲಿ ಅದು 203.2 ಮಿ.ಮೀ. ಬೋಲ್ಟು ರಂಧ್ರಗಳ ವೃತ್ತವನ್ನು ಅಳೆಯುವಾಗ ಎಡವುವವರು ಹೆಚ್ಚು, ಏಕೆಂದರೆ ಐದು ರಂಧ್ರಗಳಿರುವ ಚಕ್ರದಲ್ಲಿ ಯಾವ ರಂಧ್ರಕ್ಕೂ ನೇರ ಎದುರಿಗೆ ಇನ್ನೊಂದು ಇರುವುದಿಲ್ಲ. ಪಕ್ಕಪಕ್ಕದ ಎರಡು ರಂಧ್ರಗಳ ಕೇಂದ್ರಗಳ ನಡುವಿನ ದೂರವನ್ನು ಅಳೆದು 1.7013ರಿಂದ ಗುಣಿಸಿದರೆ ವೃತ್ತದ ವ್ಯಾಸ ಸಿಗುತ್ತದೆ. ಕಾರ್ವೆಟ್ ಮತ್ತು ಕಮಾರೋಗಳಲ್ಲಿ ಈ ವ್ಯಾಸ 4.75 ಇಂಚು, ಅಂದರೆ ಪಕ್ಕದ ರಂಧ್ರಗಳ ನಡುವೆ ಸುಮಾರು 70.9 ಮಿ.ಮೀ.; ಅದೇ ಕಾಲದ ಫೋರ್ಡ್ ಮಸ್ಟಾಂಗ್‌ನ ವಿ8 ಕಾರುಗಳಲ್ಲಿ 4.5 ಇಂಚು, ಅಂದರೆ ಸುಮಾರು 67.2 ಮಿ.ಮೀ.

ಇನ್ನು ಅಕ್ಷರಗಳು ನಿಜವಾಗಿಯೂ ಕಾರ್ಖಾನೆಯಲ್ಲಿ ಒತ್ತಿದವೇ ಎಂಬ ಪ್ರಶ್ನೆ. ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ ಇದು. ಗಟ್ಟಿ ಉಕ್ಕಿನ ಪಂಚು, ಅಂದರೆ ಅಕ್ಷರ ಒತ್ತುವ ಅಚ್ಚು, ಮೆದು ಉಕ್ಕಿನ ಮೇಲೆ ಬಿದ್ದಾಗ ಲೋಹವೇನೂ ಕಿತ್ತುಬರುವುದಿಲ್ಲ. ಅದು ಕೆಳಕ್ಕೂ ಬದಿಗೂ ಸರಿಯುತ್ತದೆ. ಅಕ್ಷರದ ಅಂಚಿನಲ್ಲಿ ಲೋಹ ಕೂದಲೆಳೆಯಷ್ಟು ಉಬ್ಬಿರುತ್ತದೆ. ಅಕ್ಷರದ ತಳದಿಂದ ಕೆಳಗೂ ಸ್ವಲ್ಪ ಆಳದವರೆಗೆ ಹರಳುಗಳ ಜೋಡಣೆ ಕೆಟ್ಟು, ಆ ಭಾಗ ಸುತ್ತಲಿನದಕ್ಕಿಂತ ಗಡುಸಾಗಿರುತ್ತದೆ. ಯಾರಾದರೂ ಹಳೆಯ ಅಕ್ಷರವನ್ನು ಉಜ್ಜಿ ತೆಗೆದು, ನುಣುಪು ಮಾಡಿ, ಬೇರೆಯದನ್ನು ಒತ್ತಿದರೂ ಕೆಳಗಿನ ಈ ಕದಡಿದ ಪದರ ಉಳಿದಿರಬಹುದು. ತಾಮ್ರದ ಕ್ಲೋರೈಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ದ್ರಾವಣವನ್ನು ಅಲ್ಲಿ ಸವರಿದರೆ, ಕದಡಿದ ಉಕ್ಕು ಮತ್ತು ಕದಡದ ಉಕ್ಕು ಬೇರೆಬೇರೆ ವೇಗದಲ್ಲಿ ಸವೆದು ಅಳಿಸಿದ ಅಕ್ಷರ ಮಸುಕಾಗಿ ಮೇಲೇಳುತ್ತದೆ. ಬಂದೂಕುಗಳ ಮೇಲೆ ಅಳಿಸಿದ ಕ್ರಮಸಂಖ್ಯೆಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಗಳು ಓದುವುದು ಇದೇ ವಿಧಾನದಿಂದ. ಆದರೆ ಇದು ಆಮ್ಲದ ಕೆಲಸ, ತರಬೇತಿ ಇಲ್ಲದವರು ಕೈಹಾಕುವಂಥದ್ದಲ್ಲ.

ಮನೆಯ ಷೆಡ್ಡಿನಲ್ಲಿ ಮಾಡಬಹುದಾದ ಪರೀಕ್ಷೆಗಳೂ ಇವೆ. ಕೋಣೆ ಕತ್ತಲಾಗಿಸಿ ಟಾರ್ಚನ್ನು ಚಕ್ರದ ಮೈಗೆ ಹತ್ತಿರ ತಂದು, ಹತ್ತು ಡಿಗ್ರಿಯಷ್ಟು ಓರೆಯಾಗಿ ಹಿಡಿಯಿರಿ; 0.3 ಮಿ.ಮೀ. ಏರುಪೇರೂ ಆಗ ಸುಮಾರು 1.7 ಮಿ.ಮೀ. ಉದ್ದದ ನೆರಳು ಚೆಲ್ಲುತ್ತದೆ. ಸವೆದ ಶಿಲಾಶಾಸನವನ್ನು ಓದುವವರ ಉಪಾಯವೂ ಇದೇ. ಅಕ್ಷರದ ಸುತ್ತ ಮಾತ್ರ ಒಂದೇ ದಿಕ್ಕಿಗೆ ಉಜ್ಜಿದ ಗೀರುಗಳಿದ್ದರೆ, ಅಥವಾ ಸುತ್ತಲೂ ಹಳೆಯ ಬಣ್ಣವಿದ್ದು ಅಕ್ಷರದ ಕುಳಿಯೊಳಗೆ ಬರಿಯ ಲೋಹ ಹೊಳೆಯುತ್ತಿದ್ದರೆ ಸಂಶಯಪಡಬೇಕು. ಅಕ್ಷರದ ಒಂದು ಬದಿ ಆಳವಾಗಿ, ಇನ್ನೊಂದು ಬದಿ ಮಸುಕಾಗಿದ್ದ ಮಾತ್ರಕ್ಕೆ ಅದು ಖೋಟಾ ಅಲ್ಲ. ಬಾಗಿದ ಮೈಮೇಲೆ ಪಂಚು ಸಮನಾಗಿ ಕೂರುವುದಿಲ್ಲ.

ಹಳೆಯ ಚಕ್ರಗಳಿಗೆ ದೊಡ್ಡ ಹಾನಿಯಾಗುವುದು ಮೋಸಗಾರರಿಂದಲ್ಲ, ಚೊಕ್ಕ ಮಾಡುವ ಉತ್ಸಾಹದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒರಟು ಮರಳಿನ ಬ್ಲಾಸ್ಟಿಂಗ್ (ಮರಳನ್ನು ರಭಸದಿಂದ ಎರಚಿ ಮೈ ಉಜ್ಜುವುದು) ಅಕ್ಷರಗಳ ಅಂಚನ್ನು ಮೊಂಡಾಗಿಸುತ್ತದೆ. ಅದರ ಮೇಲೆ ದಪ್ಪ ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಬಿಸಿಮಾಡಿ ಅಂಟಿಸುವ ಲೇಪ) ಬಿದ್ದರೆ ಕುಳಿಗಳು ತುಂಬಿಹೋಗುತ್ತವೆ. ಆದ್ದರಿಂದ ಚಕ್ರವನ್ನು ಬಣ್ಣಕ್ಕೆ ಕೊಡುವ ಮೊದಲೇ ಅಕ್ಷರಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದುಕೊಳ್ಳಬೇಕು, ಓರೆಬೆಳಕಿನಲ್ಲಿ ಫೋಟೊ ತೆಗೆಯಬೇಕು, ಹಳೆಯ ಬಣ್ಣವನ್ನು ಆ ಜಾಗದಲ್ಲಿ ಮಾತ್ರವಾದರೂ ಬಣ್ಣ ಕರಗಿಸುವ ರಾಸಾಯನಿಕದಿಂದ ತೆಗೆಸಬೇಕು. ಹೊಸ ಬಣ್ಣ ತೆಳುವಾಗಿದ್ದಷ್ಟೂ ಅಕ್ಷರ ಮುಂದಿನವರಿಗೆ ಓದಲು ಸಿಗುತ್ತದೆ.