ಬರಪೊಳೆಯಿಂದ ಪೇಟೆಯವರೆಗೆ: ಕೊಡಗಿನಲ್ಲಿ ಸಾಹಸೋದ್ಯಮ ಬೆಳೆದ ಬಗೆ

ಕೊಡಗಿನಲ್ಲಿ ಹೊಳೆಗೆ ಗಾಳಿ ತುಂಬಿದ ರಬ್ಬರ್ ದೋಣಿಯಾದ ರ‍್ಯಾಫ್ಟ್ ಇಳಿಸಲು, ಬೆಟ್ಟಕ್ಕೆ ಚಾರಣಿಗರನ್ನು ಕರೆದೊಯ್ಯಲು, ಮಾಂದಲಪಟ್ಟಿಯ ಹುಲ್ಲುಗುಡ್ಡದವರೆಗೆ ಜೀಪು ಓಡಿಸಲು ಯಾರ ಒಪ್ಪಿಗೆ ಬೇಕು ಎಂದು ಕೇಳಿದರೆ ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಜಿಲ್ಲಾಡಳಿತ, ಗ್ರಾಮ ಪಂಚಾಯಿತಿ ಎಂದು ನಾಲ್ಕು ಉತ್ತರಗಳು ಬರುತ್ತವೆ. ಒಂದು ಕಡೆ ನಿಷೇಧದ ಆದೇಶ, ಇನ್ನೊಂದು ಕಡೆ ಪ್ರವಾಸೋದ್ಯಮದ ಉತ್ತೇಜನ, ನಡುವೆ ವಾರಾಂತ್ಯದ ವಾಹನ ದಟ್ಟಣೆ. ಈ ಗೋಜಲಿನಲ್ಲಿ ಸಾಹಸ ಕ್ರೀಡೆಗಳು ಕೊಡಗಿನ ಸಣ್ಣ ಪೇಟೆಗಳಿಗೆ ಏಕೆ ಬೇಕಾದವು ಎಂಬುದೇ ಮರೆತುಹೋಗಿದೆ.

1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ನಂತರವೂ ಈ ಜಿಲ್ಲೆಗೆ ರೈಲು ಬರಲಿಲ್ಲ, ದೊಡ್ಡ ಕೈಗಾರಿಕೆ ಬರಲಿಲ್ಲ. 1942ರ ಕಾಯ್ದೆಯ ಪ್ರಕಾರ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಿ ಕಂತು ಕಂತಾಗಿ ಹಣ ಪಡೆಯುತ್ತಿದ್ದ ಕಾಲ 1990ರ ದಶಕದಲ್ಲಿ ಮುಗಿಯಿತು, 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ಇಲ್ಲಿನವರು ಒಳ್ಳೆಯ ಬೆಲೆ ಕಂಡರು, ಆ ದಶಕ ಕಳೆಯುವ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ವ್ಯಾಪಾರವೆಲ್ಲ ಕಾಫಿ ಮತ್ತು ಕಾಳುಮೆಣಸಿನ ಹಣದ ಮೇಲೆ ನಿಂತಿತ್ತು. ಕೊಯ್ಲಿನಲ್ಲಿ ಬಾಕಿ ತೀರಿಸುವ ಮಾತಿನ ಮೇಲೆ ಅಂಗಡಿಯವರು ವರ್ಷವಿಡೀ ಸಾಲದ ಪುಸ್ತಕ ತೆರೆದಿಡುತ್ತಿದ್ದರು. ಬೆಲೆ ಬಿದ್ದ ವರ್ಷ ಆ ಪುಸ್ತಕ ಮುಚ್ಚುತ್ತಲೇ ಇರಲಿಲ್ಲ.

ಅದರಲ್ಲೂ ಮಳೆಗಾಲದ್ದು ಬೇರೆಯೇ ಸಂಕಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಕೊಯ್ಲಿಲ್ಲ, ಪ್ರವಾಸಿಗರೂ ಇಲ್ಲ. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳೆಂದರೆ ಗದ್ದೆಯ ನಾಟಿ, ಮದ್ದುಸೊಪ್ಪಿನ ಪಾಯಸ, ಅದರ ಜೊತೆಗೆ ಖಾಲಿ ಕೈ. ಕೊಡಗಿನ ಸಾಹಸೋದ್ಯಮಕ್ಕೆ ಮೊದಲ ನೆಲೆ ಸಿಕ್ಕಿದ್ದು ಈ ನಾಲ್ಕು ತಿಂಗಳಲ್ಲಿ, ಬರಪೊಳೆ ಎಂಬ ಹೊಳೆಯ ಮೇಲೆ ಎಂಬ ಕಾರಣಕ್ಕೆ ಆ ಹೊಳೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗುತ್ತದೆ.

ಜಿಲ್ಲೆಯ ಹೆಚ್ಚಿನ ನೀರು ಕಾವೇರಿಯೊಂದಿಗೆ ಪೂರ್ವಕ್ಕೆ ಹೋಗುತ್ತದೆ. ದಕ್ಷಿಣ ಕೊಡಗಿನ ಬರಪೊಳೆಯಾದರೋ ಪಶ್ಚಿಮಕ್ಕೆ ತಿರುಗಿ, ಕಾಡಿನ ಇಳಿಜಾರಿನಲ್ಲಿ ಬೇಗ ಬೇಗನೆ ತಗ್ಗಿಗೆ ಬಿದ್ದು, ಕೇರಳದ ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಬಂಡೆಗಳ ಸಾಲಾಗಿ ಮಲಗಿರುವ ಇದು ಮಳೆ ಹಿಡಿದ ಮೇಲೆ ನೊರೆ ಕಾರುತ್ತ ಹರಿಯುತ್ತದೆ. ಮುಂಗಾರಿನಲ್ಲಿ ಉತ್ತರದ ಗಂಗೆಯ ಮೇಲೆ ರ‍್ಯಾಫ್ಟಿಂಗ್ ನಿಲ್ಲುವುದರಿಂದ, ಅಲ್ಲಿ ಕೆಲಸವಿಲ್ಲದ ಗೈಡುಗಳನ್ನು ಇಲ್ಲಿ ಕೆಲಸವಿಲ್ಲದ ತಿಂಗಳುಗಳಿಗೆ ಕರೆಸುವುದು ಸಾಧ್ಯವಾಯಿತು. ಈ ಎರಡು ಖಾಲಿ ಋತುಗಳನ್ನು ಜೋಡಿಸಿದ್ದೇ ಇಲ್ಲಿನ ಆರಂಭಿಕ ಉದ್ಯಮಿಗಳ ಜಾಣತನ. ಅವರಲ್ಲಿ ತೋಟದ ಮನೆತನಗಳವರಿದ್ದರು, ಹೊರಗೆ ಚಾರಣ ಮಾಡಿ ಮರಳಿದ ಯುವಕರಿದ್ದರು. ಬಂಡವಾಳವೆಂದರೆ ಕೆಲವು ರ‍್ಯಾಫ್ಟ್‌ಗಳು, ಹೆಲ್ಮೆಟ್ಟು, ಲೈಫ್ ಜಾಕೆಟ್ಟು, ಹಳೆಯ ಜೀಪು.

ಅಂಥ ಒಂದು ಮಳೆಗಾಲದ ಬೆಳಗ್ಗೆ ಟಿ. ಶೆಟ್ಟಿಗೇರಿಯ ಕಡೆ ನಾನು ಕಂಡದ್ದನ್ನು ಹೇಳುತ್ತೇನೆ. ಕಾಫಿ ಒಣಗಿಸುವ ಕಣ ಪಾಚಿಗಟ್ಟಿತ್ತು. ಅದರ ಮೇಲೆ ಗಾಳಿ ತುಂಬಿಸಿದ ರ‍್ಯಾಫ್ಟ್ ಅನ್ನು ಮಗುಚಿಟ್ಟು ಇಬ್ಬರು ಹುಡುಗರು ಸೋರುವ ಜಾಗವನ್ನು ಸೋಪಿನ ನೀರಿನಿಂದ ಹುಡುಕುತ್ತಿದ್ದರು. ಬೆಂಗಳೂರಿನಿಂದ ಬಂದವರು ಕಾಲಿಗೆ ಹತ್ತಿದ ಜಿಗಣೆಗಳಿಗೆ ಉಪ್ಪು ಹಾಕುತ್ತ ನಿಂತಿದ್ದರು. ಇದನ್ನೆಲ್ಲ ನಡೆಸುತ್ತಿದ್ದ ಉದ್ಯಮಿ ಹೊಳೆಯ ಹತ್ತಿರ ಹೋಗಿ, ನೀರಿನಲ್ಲಿ ಅರ್ಧ ಮುಳುಗಿದ್ದ ಒಂದು ಬಂಡೆಯನ್ನು ನೋಡಿ ಬಂದರು. ಬಂಡೆಯ ತಲೆ ಕಾಣಿಸದಿದ್ದರೆ ಆ ದಿನ ರ‍್ಯಾಫ್ಟ್ ಇಳಿಸುವುದಿಲ್ಲ, ದುಡ್ಡು ವಾಪಸು ಎಂಬುದು ಅವರ ನಿಯಮ. ಅದು ಯಾವ ಇಲಾಖೆಯ ಕಡತದಲ್ಲೂ ಇರಲಿಲ್ಲ. ಅಂದು ಬಂಡೆ ಕಾಣಿಸಲಿಲ್ಲ. ಬಂದವರಿಗೆ ಅಕ್ಕಿರೊಟ್ಟಿ, ಕೋಳಿಸಾರು ಬಡಿಸಿ, ಹಣ ಎಣಿಸಿ ಕೊಟ್ಟು ಕಳುಹಿಸಿದರು. ವ್ಯವಹಾರದ ದೃಷ್ಟಿಯಿಂದ ಅದು ನಷ್ಟದ ದಿನವೇ. ಆದರೂ ಅಕ್ಕಿ, ಕೋಳಿ, ಜೀಪಿನ ಡೀಸೆಲ್, ಅಡುಗೆಯ ಅಕ್ಕನ ದಿನದ ಸಂಬಳ ಇವೆಲ್ಲ ಊರಲ್ಲೇ ಖರ್ಚಾಗಿದ್ದವು.

ಹಣ ಹರಿದ ದಾರಿ ಇಷ್ಟೇ ಸರಳವಾಗಿತ್ತು. ಬಂದವರು ಒಂದು ರಾತ್ರಿ ಉಳಿದರೆ ತೋಟದ ಮನೆಯ ಖಾಲಿ ಕೋಣೆಗೆ ಬಾಡಿಗೆ ಸಿಕ್ಕಿತು, ಹೋಂಸ್ಟೇ ಎಂಬ ಪದ ಕೊಡಗಿನ ಮಾತಿಗೆ ಸೇರಿತು. ಗೋಣಿಕೊಪ್ಪ ಸಂತೆಯ ತರಕಾರಿಗೆ ಮಳೆಗಾಲದಲ್ಲೂ ಗಿರಾಕಿ ಬಂದರು, ರೇನ್‌ಕೋಟು ಮಾರುವವನಿಗೂ ಪಂಕ್ಚರ್ ಹಾಕುವವನಿಗೂ ಕೆಲಸ ಸಿಕ್ಕಿತು. ಊರಿನ ಹುಡುಗರು ಮೊದಲು ರ‍್ಯಾಫ್ಟ್ ಹೊರುವವರಾಗಿ, ಆಮೇಲೆ ಹಗ್ಗ ಎಸೆಯುವವರಾಗಿ, ಕೊನೆಗೆ ಗೈಡುಗಳಾಗಿ ಬೆಳೆದರು. ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ರಾಜ್ಯದಲ್ಲಿದೆಯಾದರೂ, ಈ ಹುಡುಗರಲ್ಲಿ ಅನೇಕರ ತರಬೇತಿ ಹೊಳೆಯಲ್ಲೇ ಆಯಿತು.

ದುಬಾರೆಯದು ಬೇರೆ ಲೆಕ್ಕ. ಆನೆ ಶಿಬಿರ ನೋಡಲು ಬರುವ ಜನಸಂದಣಿ ಅಲ್ಲಿ ಮೊದಲೇ ಇತ್ತು, ಕುಶಾಲನಗರ ಹತ್ತಿರವಿತ್ತು, ಕಾವೇರಿ ಅಲ್ಲಿ ಬರಪೊಳೆಯಷ್ಟು ಒರಟಲ್ಲ. ಹಾಗಾಗಿ ರ‍್ಯಾಫ್ಟ್‌ಗಳ ಸಂಖ್ಯೆ ಬೇಗ ಹೆಚ್ಚಿತು, ದರದ ಪೈಪೋಟಿ ಶುರುವಾಯಿತು, ಸುರಕ್ಷತೆ ಮತ್ತು ಪರವಾನಗಿಯ ಪ್ರಶ್ನೆಗಳು ಜಿಲ್ಲಾಡಳಿತದ ಮೇಜಿಗೆ ಬಂದವು. ಆಡಳಿತ ಕೈಹಾಕಿದ್ದು ತಪ್ಪೆಂದು ಹೇಳಲಾಗದು, ಜೀವದ ಪ್ರಶ್ನೆ ಅದು. ಆದರೆ ಅರ್ಜಿಯ ನಮೂನೆಯಲ್ಲಿ ರ‍್ಯಾಫ್ಟ್‌ಗಳ ಸಂಖ್ಯೆಗೆ ಜಾಗವಿರುತ್ತದೆ, ಬಂಡೆ ನೋಡಿ ಹಣ ವಾಪಸು ಕೊಡುವ ಅಭ್ಯಾಸಕ್ಕೆ ಜಾಗವಿರುವುದಿಲ್ಲ. ಹೊಳೆ ಬಲ್ಲವನಿಗಿಂತ ಕಚೇರಿ ಬಲ್ಲವನಿಗೆ ದಾರಿ ಸಲೀಸಾಯಿತು.

ಮುಂದಿನದನ್ನು ಎಲ್ಲರೂ ಬಲ್ಲರು. ತೋಟಗಳ ನಡುವೆ ರೆಸಾರ್ಟುಗಳು ಎದ್ದವು, ಗದ್ದೆಗೆ ಹೊಂದಿಕೊಂಡ ಮರಗಾಡಿನ ಬಾಣೆ ಜಮೀನಿನ ಪರಿವರ್ತನೆ ವಿವಾದವಾಯಿತು, 2012ರಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಪ್ರವಾಸಿಗರು ಬರುವುದೇ ನಿಂತಾಗ, ಮಡಿಕೇರಿಯ ಸುತ್ತ ಸಾಲ ಮಾಡಿ ಕೋಣೆ ಕಟ್ಟಿದ್ದವರಿಗೆ ಒಂದೇ ಕಸುಬನ್ನು ನೆಚ್ಚುವುದು ಎಂದರೇನೆಂದು ಕಾಫಿಯ ನಂತರ ಎರಡನೆಯ ಸಲ ತಿಳಿಯಿತು. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತೆರೆದ ಮೇಲೆ ದಾರಿಯ ಸಮಯ ಕಡಿಮೆಯಾಯಿತು, ಒಂದು ದಿನಕ್ಕೆಂದು ಬಂದು ಹೋಗುವವರಿಗೆ ಅನುಕೂಲವಾಯಿತು. ಪೇಟೆಯ ಬೀದಿ ತುಂಬಿದಷ್ಟು ಪೇಟೆಯ ಗಲ್ಲಾ ತುಂಬಿತೇ ಎಂದು ಅಂಗಡಿಯವರನ್ನೇ ಕೇಳಬೇಕು. ನಾನು ಕೇಳಿದವರು ಪಾರ್ಕಿಂಗ್ ಬಗ್ಗೆ ಮಾತಾಡಿದರು.

2024ರ ಜನವರಿಯಲ್ಲಿ ಪುಷ್ಪಗಿರಿ ಅಭಯಾರಣ್ಯದ ಕುಮಾರಪರ್ವತ ಶಿಖರದಲ್ಲಿ ಒಂದೇ ಸಲ ಜನ ಮುಗಿಬಿದ್ದ ನಂತರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕಿಷ್ಟೇ ಜನ ಎಂಬ ಮಿತಿ ಬಂದವು. ಕಾಡಿನ ಮೇಲಿನ ಒತ್ತಡ ನೋಡಿದರೆ ಮಿತಿ ಬೇಕಿತ್ತು. ಇದರ ಇನ್ನೊಂದು ಪರಿಣಾಮ ಕಕ್ಕಬ್ಬೆಯಂಥ ಊರುಗಳಲ್ಲಿ ಕಾಣುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವವನು ನಾಲ್ಕುನಾಡು ಅರಮನೆಯ ಹತ್ತಿರ ಬರುವಷ್ಟರಲ್ಲಿ ಟಿಕೆಟ್ಟು, ಊಟದ ಪೊಟ್ಟಣ, ಗುಂಪಿನ ನಾಯಕ ಎಲ್ಲವನ್ನೂ ಬೆಂಗಳೂರಿನಲ್ಲೇ ಕೊಂಡಿರಬಹುದು. ಅಂಥವನಿಂದ ಊರಿಗೆ ಸಿಗುವುದು ಒಂದು ಕಾಫಿಯ ದುಡ್ಡು.

ಅದೇ 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ತೋಟದ ಮನೆಗಳಿಗೆ ಅತಿಥಿಗಳ ಹಣ ಅಷ್ಟು ಅನಿವಾರ್ಯವಲ್ಲದ ವರ್ಷಗಳು ಇವು. ನಾನು ಹೇಳಿದ ಆ ಉದ್ಯಮಿಯೂ ಈಗ ತೋಟಕ್ಕೇ ಹೆಚ್ಚು ಸಮಯ ಕೊಡುತ್ತಾರೆ. ಅವರ ಬಳಿ ಹೊಳೆ ಕಲಿತ ಹುಡುಗರಲ್ಲಿ ಒಬ್ಬ ಮಡಿಕೇರಿಯಲ್ಲಿ ಮಾಂದಲಪಟ್ಟಿಗೆ ಜೀಪು ಓಡಿಸುತ್ತಾನೆ, ಇನ್ನೊಬ್ಬ ಮುಂಗಾರು ಹಿಡಿದಾಗ ಇಂದಿಗೂ ಬೆಳಗ್ಗೆ ಬರಪೊಳೆಯ ದಡಕ್ಕೆ ಹೋಗಿ ಆ ಬಂಡೆಯ ತಲೆ ಕಾಣಿಸುತ್ತಿದೆಯೇ ಎಂದು ನೋಡಿ, ಆಮೇಲೆ ಬುಕಿಂಗ್‌ನವರಿಗೆ ಫೋನ್ ಮಾಡುತ್ತಾನೆ.