ಆಪರೇಷನ್‌ಗೆ ಮುಂಚೆ ಹಿಪ್ನಾಟಿಸಂ: ಉಪಯೋಗ ಇದೆಯಾ?

ಪ್ರಶ್ನೆ: ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್. ಮುಂದಿನ ತಿಂಗಳು ಆಪರೇಷನ್, ಆಮೇಲೆ ಕೀಮೋ ಅಂದಿದ್ದಾರೆ. ಪರಿಚಯದವರೊಬ್ಬರು ಹಿಪ್ನಾಟಿಸಂ ಮಾಡಿಸಿ, ಅನುಕೂಲ ಆಗುತ್ತೆ ಅಂತಾರೆ. ಅಕ್ಕ ಮಾತ್ರ 'ಈ ವಶೀಕರಣ ಎಲ್ಲ ಬೇಡ' ಅಂತ ಹೆದರುತ್ತಾಳೆ. ನಿಜವಾಗಿ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ಗಡ್ಡೆಗಲ್ಲ. ಹಿಪ್ನಾಟಿಸಂನಿಂದ ಗಡ್ಡೆ ಎಳ್ಳಷ್ಟೂ ಕರಗುವುದಿಲ್ಲ. ಅದು ಕೆಲಸ ಮಾಡುವುದು ಭಯ, ನೋವು, ವಾಕರಿಕೆ, ಸುಸ್ತಿನ ಮೇಲೆ.

ಅಕ್ಕ ಹೆದರುವುದರಲ್ಲಿ ತಪ್ಪೇನಿಲ್ಲ. ಹಿಪ್ನಾಟಿಸಂ ಅಂದ ಕೂಡಲೇ ನಮಗೆ ನೆನಪಾಗುವುದು ವೇದಿಕೆ ಮೇಲೆ ಯಾರಿಗೋ ಹಸಿ ಈರುಳ್ಳಿ ಕೊಟ್ಟು, ಸೇಬು ಅಂತ ತಿನ್ನಿಸುವ ಆಟ. ಆಸ್ಪತ್ರೆಯಲ್ಲಿ ನಡೆಯುವುದೇ ಬೇರೆ. ಸೀರಿಯಲ್‌ನಲ್ಲಿ ಮುಳುಗಿ ಕೂತಾಗ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲ್ಲ, ಅಲ್ವಾ? ಗಮನವೆಲ್ಲ ಒಂದೇ ಕಡೆ ಹೋದರೆ ಮಿಕ್ಕಿದ್ದು ಮಸುಕಾಗುತ್ತದೆ. ಅದನ್ನೇ ಇಲ್ಲಿ ಬೇಕಂತಲೇ ಮಾಡಿಸುತ್ತಾರೆ. ಎಚ್ಚರ ಇರುತ್ತದೆ, ಮಾತು ಕೇಳಿಸುತ್ತದೆ. ಸಾಕು ಅನಿಸಿದರೆ ಕಣ್ಣು ಬಿಟ್ಟು ಎದ್ದು ಕೂರಬಹುದು.

ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಗೈ ಮಾಂಟ್ಗೊಮೆರಿ ಅವರ ತಂಡ 200 ಮಹಿಳೆಯರ ಮೇಲೆ ಇದನ್ನು ಪರೀಕ್ಷಿಸಿತು. ಎಲ್ಲರೂ ಸ್ತನದ ಆಪರೇಷನ್‌ಗೆ ಬಂದವರು. ಅರ್ಧ ಜನರ ಜೊತೆ, ಆಪರೇಷನ್‌ಗೆ ಮುಂಚಿನ ಒಂದು ಗಂಟೆಯೊಳಗೆ, ಮನಶ್ಶಾಸ್ತ್ರಜ್ಞರು 15 ನಿಮಿಷ ಕೂತರು. ಮೊದಲು ಮೈ ಸಡಿಲ ಬಿಡಿಸಿದರು. ಆಮೇಲೆ ಇಷ್ಟವಾದ ಒಂದು ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಲು ಹೇಳಿದರು. ನಂತರ ನೋವು, ವಾಕರಿಕೆ, ಸುಸ್ತು ಕಮ್ಮಿ ಇರುತ್ತದೆ ಅಂತ ಮೆಲ್ಲಗೆ ಸೂಚನೆ ಕೊಟ್ಟರು. ಕೊನೆಗೆ, ಇದನ್ನು ತಾವೇ ಮಾಡಿಕೊಳ್ಳುವುದು ಹೇಗೆ ಅಂತಲೂ ಕಲಿಸಿದರು. ಅಷ್ಟೇ. ಉಳಿದವರ ಜೊತೆಗೂ ಒಬ್ಬರು ಕೂತು ಸಮಾಧಾನದಿಂದ ಮಾತು ಕೇಳಿಸಿಕೊಂಡರು, ಹಿಪ್ನಾಟಿಸಂ ಮಾಡಲಿಲ್ಲ. 2007ರಲ್ಲಿ ಫಲಿತಾಂಶ ಬಂತು. ಹಿಪ್ನಾಟಿಸಂ ಆದವರಿಗೆ ನೋವು, ವಾಕರಿಕೆ, ಸುಸ್ತು ಎಲ್ಲ ಕಮ್ಮಿ. ಮಂಪರಿನ ಔಷಧಿ ಪ್ರೊಪೊಫಾಲ್ ಕೂಡ ಕಮ್ಮಿ ಸಾಕಾಯಿತು. ಸುಮ್ನೆ ಪಕ್ಕದಲ್ಲಿ ಕೂತು ಮಾತಾಡಿದ್ದಕ್ಕೇ ಆದ ಲಾಭ ಇದಲ್ಲ.

ಎಲ್ಲ ಕಡೆ ಹೀಗೇ ಆಗಿದೆಯಾ ಅಂದರೆ, ಇಲ್ಲ. ಫ್ರಾನ್ಸ್‌ನಲ್ಲಿ 150 ಮಹಿಳೆಯರ ಮೇಲೆ ನಡೆದ ಇಂಥದೇ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಅಲ್ಲಿ ಪೂರ್ತಿ ಅನಸ್ತೇಶಿಯಾ ಕೊಟ್ಟೇ ಆಪರೇಷನ್ ಮಾಡಿದ್ದರು. ಸುಸ್ತು ಕಮ್ಮಿಯಾಯಿತು, ನೋವು ಕಮ್ಮಿಯಾಗಲಿಲ್ಲ. ಹಾಗಾಗಿ ನೋವಿನ ಮಾತ್ರೆ ಬೇಕಾಗುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಚಿಕಿತ್ಸೆಯಿಂದ ಮುಟ್ಟು ನಿಂತು, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ಕಾಟ ಇನ್ನೊಂದು. ಸ್ತನ ಕ್ಯಾನ್ಸರ್ ಆದವರಿಗೆ ಇದಕ್ಕೆ ಹಾರ್ಮೋನ್ ಕೊಡಲು ಡಾಕ್ಟರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಗ್ಯಾರಿ ಎಲ್ಕಿನ್ಸ್ ತಂಡ ವಾರಕ್ಕೊಂದರಂತೆ 5 ವಾರ ಹಿಪ್ನಾಟಿಸಂ ಮಾಡಿಸಿದಾಗ ಈ ಕಾಟ ಶೇ 68ರಷ್ಟು ಇಳಿಯಿತು. 60 ಜನರ ಸಣ್ಣ ಅಧ್ಯಯನ, ನಿಜ. ಆದರೂ ನನಗೆ ಇದು ತುಂಬಾ ಉಪಯೋಗದ್ದು ಅನಿಸುತ್ತದೆ.

ಆಯಸ್ಸು ಜಾಸ್ತಿಯಾಗುತ್ತಾ? ಹಾಗೊಂದು ಆಸೆ ಹುಟ್ಟಿದ್ದುಂಟು. ರೋಗ ಹರಡಿದ್ದ 86 ಮಹಿಳೆಯರಲ್ಲಿ 50 ಜನರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಸ್ಪೀಗಲ್ ಅವರು, ರೋಗಿಗಳೆಲ್ಲ ಒಟ್ಟಿಗೆ ಕೂತು ಮಾತಾಡುವ ಗುಂಪು ಚಿಕಿತ್ಸೆಯ ಜೊತೆ, ಸ್ವಯಂ ಹಿಪ್ನಾಟಿಸಂ ಕಲಿಸಿದ್ದರು. ಅವರು ಉಳಿದವರಿಗಿಂತ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದರು ಅಂತ 1989ರಲ್ಲಿ ವರದಿಯಾಯಿತು. ಆದರೆ 2001ರಲ್ಲಿ ಕೆನಡಾದವರ ದೊಡ್ಡ ಅಧ್ಯಯನದಲ್ಲಿ ಆಯಸ್ಸಿನ ಲಾಭ ಕಾಣಲಿಲ್ಲ. ಸ್ಪೀಗಲ್ ಅವರೇ ಮತ್ತೆ ಮಾಡಿ ನೋಡಿದಾಗಲೂ ಒಟ್ಟಾರೆ ಲಾಭ ಸಿಗಲಿಲ್ಲ.

ಇನ್ನು, ಎಲ್ಲಿ ಮಾಡಿಸುವುದು? ಬೀದಿ ಬೋರ್ಡು, ಯೂಟ್ಯೂಬ್ ಜಾಹೀರಾತು ನೋಡಿ ಹೋಗಬೇಡಿ. ಅಕ್ಕನ ಕ್ಯಾನ್ಸರ್ ಡಾಕ್ಟರನ್ನೇ ಮೊದಲು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ, ಕ್ಯಾನ್ಸರ್ ರೋಗಿಗಳ ಜೊತೆ ಕೆಲಸ ಮಾಡಿದ್ದಾರಾ ಅಂತ ವಿಚಾರಿಸಿ. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಏನಾದರೂ ಇದ್ದರೆ ಮೊದಲೇ ತಿಳಿಸಿ. ಕೀಮೋ ಬಿಡಿ, ಮನಸ್ಸಿನಿಂದಲೇ ವಾಸಿ ಮಾಡುತ್ತೇನೆ ಅಂದವರ ಹತ್ತಿರ ಒಂದು ನಿಮಿಷವೂ ಕೂರಬೇಡಿ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಪದ್ಧತಿಯನ್ನೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ 5 ಪಟ್ಟಿಗೂ ಜಾಸ್ತಿ ಅಂತ ಯೇಲ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿದೆ.

ಇಷ್ಟೆಲ್ಲ ತಿಳಿದ ಮೇಲೂ ಅಕ್ಕ ಬೇಡ ಅಂದರೆ ಬಿಟ್ಟುಬಿಡಿ, ಬಲವಂತ ಮಾಡಬೇಡಿ. ಮನಸ್ಸಿಲ್ಲದವರಿಗೆ ಇದು ಹತ್ತುವುದಿಲ್ಲ.